ನವಿಲು ಹೊತ್ತ ಪದ್ಯ

1960ರ ವಸಂತ. ಇಸ್ತಾಂಬುಲ್‌ನ ಸರಾಚ್‌ಹಾನೆ ಎಂಬಲ್ಲಿ ಹೊಸ ಪಾಲಿಕೆ ಕಟ್ಟಡದ ಎದುರಿನ ನೆಲವನ್ನು ಸಮತಟ್ಟು ಮಾಡುವ ಕೆಲಸ ನಡೆದಿತ್ತು. ಮಣ್ಣು ಕೆದಕಿದ ಹಾಗೆಲ್ಲ ಅಮೃತಶಿಲೆಯ ತುಂಡುಗಳು ಮೇಲೆ ಬರತೊಡಗಿದವು. ಆ ಊರಿನಲ್ಲಿ ಎಲ್ಲಿ ಅಗೆದರೂ ಹಳೆಯ ಕಲ್ಲು ಸಿಗುತ್ತದೆ, ಅದರಲ್ಲಿ ಹೊಸದೇನಿಲ್ಲ. ಆದರೆ ಇವುಗಳಲ್ಲಿ ಕೆಲವು ಆಳೆತ್ತರದ ಬಂಡೆಗಳು, ಮೈತುಂಬ ಕೆತ್ತನೆ. ಕೆತ್ತನೆಯ ನಡುವೆ ಗ್ರೀಕ್ ಅಕ್ಷರಗಳು.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಕಲ್ಲಿನಲ್ಲಿ ಅರೆಗುಮ್ಮಟದಂಥ ಗೂಡು. ಗೂಡಿನ ತುಂಬ ನಮ್ಮತ್ತ ಮುಖ ಮಾಡಿ ಗರಿಬಿಚ್ಚಿ ನಿಂತ ನವಿಲು. ಗರಿಯೊಂದೊಂದೂ ಗೂಡಿನ ಬೆನ್ನಿಗೆ ಅಂಟಿಕೊಂಡು ಬೀಸಣಿಗೆಯಂತೆ ಮೇಲಕ್ಕೆ ಹರಡಿದೆ. ನವಿಲನ್ನು ಗೂಡಿನೊಳಗೆ ಇಟ್ಟಿದ್ದಾರೆ ಅನ್ನುವುದಕ್ಕಿಂತ ನವಿಲೇ ಗೂಡಾಗಿದೆ ಅನ್ನುವುದು ಸರಿ. ಕಮಾನಿನ ಮೇಲೆ ದ್ರಾಕ್ಷಿಬಳ್ಳಿ. ಎಲೆಯ ನರ ನರವೂ ಎದ್ದು ಕಾಣುತ್ತದೆ, ಕೆಲವು ಕಡೆ ಉಳಿ ಎಷ್ಟು ಒಳಗೆ ಹೋಗಿದೆಯೆಂದರೆ ಎಲೆ ಕಲ್ಲಿನಿಂದ ಬಿಡಿಸಿಕೊಂಡು ಗಾಳಿಯಲ್ಲಿ ನಿಂತಂತಿದೆ. ಕಮಾನಿನ ಅಂಚಿಗೆ ಹೊಂದಿಕೊಂಡು ಅಕ್ಷರಗಳ ಪಟ್ಟಿ. ಒಂದೊಂದು ಅಕ್ಷರವೂ ಸುಮಾರು 11 ಸೆಂಟಿಮೀಟರ್ ಎತ್ತರ, ಕೊರೆದದ್ದಲ್ಲ, ಉಬ್ಬಿಸಿ ಕೆತ್ತಿದ್ದು. ಹಿನ್ನೆಲೆಗೆ ಒಂದು ಕಾಲದಲ್ಲಿ ಗಾಢ ನೀಲಿ ಬಣ್ಣ ಬಳಿದಿದ್ದರು, ಅದರ ಕುರುಹು ಉಳಿದಿತ್ತು.

ಅಕ್ಷರಗಳನ್ನು ಓದಿದವರು ಇಬ್ಬರು. ಒಬ್ಬರು ಅದೇ ಊರಿನಲ್ಲಿ ಹುಟ್ಟಿದ ವಿದ್ವಾಂಸ ಸಿರಿಲ್ ಮ್ಯಾಂಗೋ. ಇನ್ನೊಬ್ಬರು ಇಹೋರ್ ಶೆವ್ಚೆಂಕೊ, ಬೈಜಾಂಟೈನ್ ಗ್ರೀಕ್ ಪಠ್ಯಗಳ ಪಂಡಿತ. ಸಿಕ್ಕಿದ್ದು ಇಡೀ ಶಾಸನವಲ್ಲ. ಇಲ್ಲೊಂದು ಪದ, ಅಲ್ಲೊಂದು ಅರ್ಧ ಸಾಲು. ಆದರೆ ಪದಗಳ ನಡಿಗೆಯಲ್ಲಿ ಲಯವಿತ್ತು. ಹೋಮರ್ ಬಳಸಿದ ಆರು ಗಣಗಳ ಸಾಲು ಅದು. ಹಾಗಾದರೆ ಇದು ಪದ್ಯ. ಆ ಪದ್ಯ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿತ್ತು.

ಅದು ಇದ್ದದ್ದು ಕಾಗದದ ಮೇಲಲ್ಲ, ಚರ್ಮದ ಹಾಳೆಯ ಮೇಲೆ. 10ನೇ ಶತಮಾನದಲ್ಲಿ ಯಾರೋ ಲಿಪಿಕಾರರು ಗ್ರೀಕ್ ಕಿರುಪದ್ಯಗಳನ್ನೆಲ್ಲ ಕೂಡಿಸಿ ಬರೆದಿಟ್ಟ ಹಸ್ತಪ್ರತಿಯೊಂದು ಜರ್ಮನಿಯ ಹೈಡಲ್‌ಬರ್ಗ್ ಗ್ರಂಥಾಲಯದಲ್ಲಿ 17ನೇ ಶತಮಾನದ ಆರಂಭದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದಿತ್ತು. ಪ್ಯಾಲಟೈನ್ ಸಂಕಲನ ಎಂದು ಅದಕ್ಕೆ ಹೆಸರು. ಅದರ ಮೊದಲ ಭಾಗದಲ್ಲಿ 76 ಸಾಲಿನ ಒಂದು ಪದ್ಯವಿದೆ. ಸಂತ ಪೊಲಿಯೂಕ್ಟಸ್‌ನ ಹೆಸರಿನಲ್ಲಿ ಇಗರ್ಜಿ ಕಟ್ಟಿಸಿದ ಜೂಲಿಯಾನಾ ಎಂಬ ರಾಜವಂಶದ ಹೆಂಗಸನ್ನು ಹೊಗಳುವ ಪದ್ಯ. ಕವಿಯ ಹೆಸರಿಲ್ಲ. ಆದರೆ ಲಿಪಿಕಾರ ಅಂಚಿನಲ್ಲಿ ಒಂದು ಟಿಪ್ಪಣಿ ಹಾಕಿದ್ದ: ಮೊದಲ 41 ಸಾಲು ಇಗರ್ಜಿಯ ಒಳಗೆ ಸುತ್ತಲೂ ಕೆತ್ತಿದೆ, ಉಳಿದದ್ದು ಹೊರಗೆ. ಆ ಮಾತನ್ನು ಎಷ್ಟೋ ತಲೆಮಾರಿನ ಪಂಡಿತರು ಓದಿದ್ದರು. ಇಗರ್ಜಿ ಮಾತ್ರ ನೆಲದ ಮೇಲೆ ಎಲ್ಲೂ ಇರಲಿಲ್ಲ.

ಈಗ ಇಸ್ತಾಂಬುಲ್‌ನ ಕಲ್ಲು, ಹೈಡಲ್‌ಬರ್ಗ್‌ನ ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪದಕ್ಕೆ ಪದ ಕೂತಿತು. 1961ರಲ್ಲಿ ಮ್ಯಾಂಗೋ, ಶೆವ್ಚೆಂಕೊ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಗೋಡೆ ಕಾಣುವ ಮೊದಲೇ, ಒಂದು ಮೂಲೆಯನ್ನೂ ಅಗೆಯುವ ಮೊದಲೇ, ಕಟ್ಟಡದ ಹೆಸರು, ಕಟ್ಟಿಸಿದವಳ ಹೆಸರು, ಅವಳ ಮನಸ್ಸಿನಲ್ಲಿದ್ದ ಹೆಮ್ಮೆ ಎಲ್ಲ ಗೊತ್ತಾಗಿಹೋಗಿತ್ತು. ಪುರಾತತ್ವದಲ್ಲಿ ಹೀಗಾಗುವುದು ಬಹಳ ಅಪರೂಪ. ಅದಕ್ಕಾಗಿ ನಾವು ಋಣಿಗಳಾಗಬೇಕಾದದ್ದು ಅಂಚಿನಲ್ಲಿ ಆ ಒಂದು ಮಾತು ಬರೆದಿಟ್ಟ ಲಿಪಿಕಾರನಿಗೆ ಎಂದೇ ನನಗೆ ಅನ್ನಿಸುತ್ತದೆ.

ಹೆಮ್ಮೆ ಎಂದೆ. ಅನಿಸಿಯಾ ಜೂಲಿಯಾನಾ ಸಾಮಾನ್ಯಳಲ್ಲ. ತಂದೆ ಒಲಿಬ್ರಿಯಸ್ 472ರಲ್ಲಿ ಕೆಲವು ತಿಂಗಳು ಪಶ್ಚಿಮ ರೋಮ್‌ನ ಚಕ್ರವರ್ತಿ. ತಾಯಿಯ ಕಡೆಯಿಂದ ಥಿಯೊಡೋಸಿಯಸ್ ಚಕ್ರವರ್ತಿಯ ವಂಶದ ರಕ್ತ. 512ರ ದಂಗೆಯಲ್ಲಿ ಜನ ಅವಳ ಗಂಡನನ್ನೇ ಚಕ್ರವರ್ತಿ ಮಾಡಲು ಹೊರಟಿದ್ದರು, ಆತ ತಪ್ಪಿಸಿಕೊಂಡು ಓಡಿಹೋದ. ಸಿಂಹಾಸನ ಕೊನೆಗೆ ಹೋದದ್ದು ಹಳ್ಳಿಯಿಂದ ಬಂದು ಸೈನಿಕನಾಗಿ ಮೇಲೇರಿದ ಜಸ್ಟಿನ್‌ಗೆ, ಅವನ ನಂತರ ಅವನ ಸೋದರಿಯ ಮಗ ಜಸ್ಟಿನಿಯನ್‌ಗೆ. ಅರಮನೆ ಕೈತಪ್ಪಿದ ಮನೆತನದ ಈ ಮಗಳು ಮಾತನಾಡಿದ್ದು ಕಲ್ಲಿನಲ್ಲಿ. ಅದೇ ಜಾಗದಲ್ಲಿ ಅವಳ ಮುತ್ತಜ್ಜಿ, ಮಹಾರಾಣಿ ಯೂಡೋಸಿಯಾ ಕಟ್ಟಿಸಿದ್ದ ಚಿಕ್ಕ ಇಗರ್ಜಿಯಿತ್ತು. ಅದನ್ನು ಮೀರಿಸುವಂತೆ ಕಟ್ಟಿಸಿ, ತಾನು ಬೈಬಲ್‌ನಲ್ಲಿ ದೇವಾಲಯ ಕಟ್ಟಿಸಿದ ಸೊಲೊಮನ್ ರಾಜನನ್ನೇ ಹಿಂದೆ ಹಾಕಿದೆ ಎಂದು ಪದ್ಯದ ಬಾಯಲ್ಲಿ ಹೇಳಿಸಿದಳು.

ಫ್ರಾನ್ಸ್‌ನ ಟೂರ್ ಊರಿನ ಬಿಷಪ್ ಗ್ರೆಗರಿ ಅದೇ ಶತಮಾನದಲ್ಲಿ ಅವಳ ಬಗ್ಗೆ ಒಂದು ಕತೆ ಬರೆದಿಟ್ಟಿದ್ದಾನೆ. ಹೊಸ ಚಕ್ರವರ್ತಿ ಜಸ್ಟಿನಿಯನ್ ಬೊಕ್ಕಸಕ್ಕೆ ಚಿನ್ನ ಕೇಳಿ ಕಳಿಸಿದನಂತೆ. ಸ್ವಲ್ಪ ಕಾಯಲು ಹೇಳಿದ ಜೂಲಿಯಾನಾ ತನ್ನ ಚಿನ್ನವನ್ನೆಲ್ಲ ತಗಡು ಬಡಿಸಿ ಇಗರ್ಜಿಯ ಮಾಡಿಗೆ ಹೊದಿಸಿಬಿಟ್ಟಳು. ಆಮೇಲೆ ಅವನನ್ನು ಕರೆದು, ನನ್ನ ಚಿನ್ನ ಅಗೋ ಅಲ್ಲಿದೆ, ಬೇಕಾದರೆ ತೆಗೆದುಕೊ ಎಂದಳು. ದೇವರ ಮಾಡಿನಿಂದ ಚಿನ್ನ ಕೀಳುವ ಧೈರ್ಯ ಯಾರಿಗಿದೆ? ಅವನು ಬರಿಗೈಲಿ ಹೊರಟಾಗ ಬೆರಳಿನ ಪಚ್ಚೆಯುಂಗುರ ಬಿಚ್ಚಿ ಕೊಟ್ಟಳಂತೆ. ನಡೆದದ್ದೋ ಕಟ್ಟಿದ್ದೋ, ಅವಳ ಪದ್ಯದಲ್ಲೂ ಚಿನ್ನದ ಮಾಡು ಬರುತ್ತದೆ. ಜಸ್ಟಿನಿಯನ್ ಹಾಗಿಯಾ ಸೋಫಿಯಾ ಎಂಬ ಮಹಾ ಇಗರ್ಜಿ ಕಟ್ಟಿಸಿದ್ದು ಅದಾದ ಮೇಲೆ, 532ರಿಂದ 537ರವರೆಗೆ. ಉದ್ಘಾಟನೆಯ ದಿನ ತಾನು ಸೊಲೊಮನ್‌ನನ್ನು ಗೆದ್ದೆ ಎಂದನೆಂಬ ಐತಿಹ್ಯ ಲೋಕಕ್ಕೆಲ್ಲ ಗೊತ್ತು. ಸೊಲೊಮನ್‌ನ ಹೆಸರು ಹೇಳಿ ಅವನು ಗೆಲ್ಲಬೇಕಿದ್ದದ್ದು ಅದೇ ಊರಿನಲ್ಲಿ ಕಟ್ಟಿಸಿದ ಈ ಹೆಂಗಸನ್ನು ಎಂದು ನನ್ನ ನಂಬಿಕೆ.

1964ರಲ್ಲಿ ಅಗೆತ ಶುರುವಾಯಿತು. ಬ್ರಿಟನ್ನಿನ ಮಾರ್ಟಿನ್ ಹ್ಯಾರಿಸನ್, ಇಸ್ತಾಂಬುಲ್ ಪುರಾತತ್ವ ಸಂಗ್ರಹಾಲಯದ ನೆಜಿಹ್ ಫಿರಾತ್ಲಿ ಇಬ್ಬರ ಮುಂದಾಳತ್ವದಲ್ಲಿ 1969ರವರೆಗೆ ನಡೆಯಿತು. ಸಿಕ್ಕಿದ್ದು ಹೆಚ್ಚಾಗಿ ಬುನಾದಿ: ಸುಮಾರು 52 ಮೀಟರ್ ಉದ್ದ, ಅಷ್ಟೇ ಅಗಲ. ಬುನಾದಿಯ ದಪ್ಪ ನೋಡಿ ಮೇಲೆ ಗುಮ್ಮಟ ಇದ್ದಿರಬೇಕು ಎಂದರು ಹ್ಯಾರಿಸನ್. ಒಪ್ಪದವರೂ ಇದ್ದಾರೆ, ಮೇಲಿನ ಗೋಡೆ ಬಿದ್ದುಹೋಗಿರುವಾಗ ವಾದ ಮುಗಿಯುವಂಥದ್ದಲ್ಲ. ಅಮೆಥಿಸ್ಟ್ ಕಲ್ಲು, ಬಣ್ಣದ ಗಾಜು ಕೂರಿಸಿದ ಕಂಬದ ತುಂಡುಗಳು ಬಂದವು. ಕ್ರಿಸ್ತ, ಮೇರಿ, ಶಿಷ್ಯರ ಉಬ್ಬುಶಿಲ್ಪಗಳು ಬಂದವು. ಅವುಗಳ ಮುಖವನ್ನು ಯಾರೋ ಉಳಿಯಿಂದ ಕೆತ್ತಿ ಅಳಿಸಿದ್ದರು.

ಅಗೆದವರನ್ನು ಬೆರಗುಗೊಳಿಸಿದ್ದು ಇನ್ನೊಂದು. ವೆನಿಸ್‌ನ ಸಂತ ಮಾರ್ಕ್ ಇಗರ್ಜಿಯ ದಕ್ಷಿಣಕ್ಕೆ, ಬಯಲಲ್ಲೇ, ಎರಡು ಚೌಕ ಕಂಬಗಳಿವೆ. ಮೈಮೇಲೆ ದ್ರಾಕ್ಷಿಬಳ್ಳಿ, ಎಲೆ. ಅಕ್ರೆ ಕೋಟೆಯಲ್ಲಿ ಜಿನೋವಾದವರನ್ನು ಸೋಲಿಸಿ ತಂದದ್ದು ಎಂದು ಊರವರು ಶತಮಾನಗಳಿಂದ ಹೇಳುತ್ತ ಬಂದಿದ್ದರು, ಹೆಸರೂ ಅಕ್ರೆಯ ಕಂಬಗಳು ಎಂದೇ. ಸರಾಚ್‌ಹಾನೆಯ ಮಣ್ಣಿನಿಂದ ಬಂದ ಕೆತ್ತನೆಯ ತುಂಡುಗಳನ್ನು ಅವುಗಳಿಗೆ ಹೋಲಿಸಿದಾಗ ಕಂಬ ಎಲ್ಲಿಯದೆಂದು ತಿಳಿಯಿತು. ಅದೇ ಕೈ, ಅದೇ ಬಳ್ಳಿ, ಅದೇ ಕಟ್ಟಡ. 1204ರಲ್ಲಿ ಶಿಲುಬೆಯ ಹೆಸರು ಹೇಳಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಸೂರೆ ಮಾಡಿದ ಸೈನ್ಯದ ಜೊತೆ ವೆನಿಸ್‌ನವರೂ ಇದ್ದರಲ್ಲ, ಜೂಲಿಯಾನಾಳ ಕಂಬಗಳು ಹಡಗೇರಿ ಹೋದದ್ದು ಆಗ. ಅಷ್ಟು ಹೊತ್ತಿಗಾಗಲೇ ಇಗರ್ಜಿ ಪಾಳುಬಿದ್ದಿತ್ತು.

2022ರಲ್ಲಿ ಇಸ್ತಾಂಬುಲ್ ಪಾಲಿಕೆ ಅಲ್ಲಿ ಮತ್ತೆ ಅಗೆಯಲು ಹೊರಟಿತು. 76 ಸಾಲುಗಳಲ್ಲಿ ಕಲ್ಲಿನ ಮೇಲೆ ಕಂಡದ್ದು ಕೆಲವು ಮಾತ್ರ. ನವಿಲಿನ ಗೂಡುಗಳು ಸಂಗ್ರಹಾಲಯದಲ್ಲಿವೆ. ಉಳಿದ ಸಾಲುಗಳಲ್ಲಿ ಎಷ್ಟು ಸುಣ್ಣದ ಗೂಡಿಗೆ ಹೋದವೋ, ಎಷ್ಟು ಯಾರ ಮನೆಯ ಗೋಡೆಯಲ್ಲಿ ಅಕ್ಷರ ಒಳಮುಖ ಮಾಡಿಕೊಂಡು ಕೂತಿವೆಯೋ, ಎಷ್ಟು ಬಸ್ಸು ಓಡಾಡುವ ಪಕ್ಕದ ಅಗಲ ರಸ್ತೆಯ ಕೆಳಗೆ ಮಲಗಿವೆಯೋ.