ಶಸ್ತ್ರಚಿಕಿತ್ಸೆಯ ನಂತರದ ನೋವಿನ ಗುಳಿಗೆ ಮತ್ತು ಮೂತ್ರಪಿಂಡ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳುವವರ ಔಷಧ ಚೀಟಿಯಲ್ಲಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಹೆಸರುಗಳು ಸಾಮಾನ್ಯ. ಇವು ನೋವನ್ನೂ ಉರಿಯೂತವನ್ನೂ ಇಳಿಸುವ ಗುಳಿಗೆಗಳು. ಮೂತ್ರಪಿಂಡ ಕೆಡುವುದೆಂಬ ಭಯದಿಂದ ಕೆಲವರು ಇವನ್ನು ಮುಟ್ಟದೆ ನರಳುತ್ತಾರೆ. ಐದು ದಿನಕ್ಕೆಂದು ಬರೆದುದನ್ನು ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. ನಮಗೆ ಹೆಚ್ಚು ಚಿಂತೆ ಈ ಎರಡನೆಯವರದು.

ಗಾಯದಲ್ಲಿ ನೋವು, ಬಾವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯವೇ ಮೂತ್ರಪಿಂಡಕ್ಕೆ ರಕ್ತ ತರುವ ಕಿರುನಾಳಗಳನ್ನು ತೆರೆದಿಡಲೂ ನೆರವಾಗುತ್ತದೆ. ಗುಳಿಗೆಯು ಎರಡೂ ಕಡೆ ಅದನ್ನು ತಡೆಯುತ್ತದೆ. ಆರೋಗ್ಯವಂತರಲ್ಲಿ ಕೆಲವು ದಿನಗಳ ಸೇವನೆಯಿಂದ ಮೂತ್ರಪಿಂಡದ ಕಾರ್ಯ ಅಲ್ಪ ಇಳಿದು, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಆದರೆ ಉಪವಾಸ, ರಕ್ತಸ್ರಾವ, ವಾಂತಿಗಳಿಂದ ದೇಹದ ನೀರು ಇಂಗಿದಾಗ ಮೂತ್ರಪಿಂಡವು ಆ ದ್ರವ್ಯವನ್ನೇ ನಂಬಿರುತ್ತದೆ. ಆಗ ಅದೇ ಗುಳಿಗೆ ಅಪಾಯ ತಂದೀತು.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ನಂದಿಬೆಟ್ಟದ ಆಸುಪಾಸಿನಲ್ಲಿ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ನಮಗೊಂದಿಲ್ಲ. ಆಳದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಸೊಂಟ, ಮಂಡಿ ಬಿಗಿದು ನೋಯಬಹುದು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ನೋವಿನ ಗುಳಿಗೆ ಕೊಳ್ಳುವ ರೂಢಿ ಹಿರಿಯರಲ್ಲಿ ಬೆಳೆಯುವುದು ಹೀಗೆ. ದೇಹದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗವೂ ಮೂತ್ರಪಿಂಡವೇ. ಅದು ಸೋತರೆ ಫ್ಲೋರೈಡ್ ಒಳಗೇ ಉಳಿದು ನೋವು ಇನ್ನಷ್ಟು ಹೆಚ್ಚೀತು. ಇಂಥವರು ಶಸ್ತ್ರಚಿಕಿತ್ಸೆಗೆ ಹೋಗುವಾಗ ತಾವು ಈಗಾಗಲೇ ನುಂಗುತ್ತಿರುವ ಗುಳಿಗೆಯ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು.

ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಔಷಧವನ್ನೂ, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಸೇವಿಸುವವರಿಗೆ ನೋವಿನ ಗುಳಿಗೆ ಮೂರನೆಯದಾಗಿ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು. ಹಾಗೆಂದು ರಕ್ತದೊತ್ತಡದ ಔಷಧವನ್ನು ತಾವೇ ನಿಲ್ಲಿಸಕೂಡದು, ವೈದ್ಯರನ್ನು ಕೇಳಬೇಕು. ಮಧುಮೇಹಿಗಳು, ವೃದ್ಧರು, ಹೃದಯದ ಕಾಯಿಲೆಯವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡೇ ಈ ಗುಳಿಗೆಗಳ ಬಗ್ಗೆ ತೀರ್ಮಾನಿಸುವುದು ಲೇಸು.

ಮೂತ್ರ ಕಡಿಮೆಯಾದರೆ, ಮುಖ ಅಥವಾ ಪಾದ ಊದಿದರೆ, ಉಸಿರು ಕಟ್ಟಿದರೆ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ಉರಿಯೂತದ ಗುಳಿಗೆಗಳ ಗುಂಪಿಗೆ ಸೇರಿದ್ದಲ್ಲ; ಹೇಳಿದ ಪ್ರಮಾಣದಲ್ಲಿ ಅನೇಕರಿಗೆ ಅದೇ ಸಾಕಾಗಬಹುದು. ಆದರೆ ಅದರೊಡನೆ ಅಸಿಕ್ಲೋಫೆನಾಕ್ ಬೆರೆಸಿದ ಗುಳಿಗೆಗಳೂ ಅಂಗಡಿಯಲ್ಲಿವೆ. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಮನೆಯ ಓದುಬಲ್ಲ ಮಕ್ಕಳಿಂದಲಾದರೂ ಓದಿಸಿಕೊಳ್ಳಿ.