ಹೊನ್ನಿನ ಬೆಟ್ಟದ ಬಾಗಿಲು

ಅಮೆರಿಕಾ ಸಂಯುಕ್ತ ಸಂಸ್ಥಾನಗಳೆಂದರೆ ದೇಶದೇಶಗಳಿಂದ ಬಂದವರಿಗೆಲ್ಲ ಆಶ್ರಯವಿತ್ತ ನಾಡೆಂಬ ಭಾವನೆ ನಮ್ಮಲ್ಲಿದೆ. ಅದು ಸುಳ್ಳಲ್ಲ, ಆದರೆ ಪೂರ್ಣಸತ್ಯವೂ ಅಲ್ಲ. ಒಂದು ಜನಾಂಗದ ಹೆಸರನ್ನೇ ಹೇಳಿ, ಅದರ ಕೂಲಿಕಾರರು ಒಳಗೆ ಬರಕೂಡದೆಂದು 61 ವರ್ಷಗಳ ಕಾಲ ವಿಧಿಸಿದ್ದುದೂ ಅದೇ ನಾಡು. ಆ ಜನರು ಚೀನೀಯರು.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತು. ಬಡತನದಿಂದಲೂ ಅಂತಃಕಲಹಗಳಿಂದಲೂ ಬೆಂದಿದ್ದ ದಕ್ಷಿಣ ಚೀನಾದ ರೈತರು ಆ ನಾಡನ್ನು 'ಹೊನ್ನಿನ ಬೆಟ್ಟ'ವೆಂದು ಕರೆದು ಹಡಗು ಹತ್ತಿದರು. 1865ರಿಂದ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪೆನಿಯು ಅವರನ್ನು ಸಾವಿರಗಟ್ಟಲೆಯಾಗಿ ಕೆಲಸಕ್ಕೆ ಸೇರಿಸಿಕೊಂಡಿತು. ಸಿಯೆರಾ ನೆವಾಡ ಪರ್ವತಗಳ ಹೆಬ್ಬಂಡೆಗಳನ್ನು ಸಿಡಿಮದ್ದಿನಿಂದ ಒಡೆದು, ಹಿಮದ ನಡುವೆ ಸುರಂಗ ಕೊರೆದು, ಬಿಳಿಯರಿಗಿಂತ ಕಡಮೆ ಸಂಬಳಕ್ಕೆ ದುಡಿದವರು ಇವರು. 1869ರ ಮೇ 10ರಂದು ಯೂಟಾದಲ್ಲಿ ಪೂರ್ವಪಶ್ಚಿಮಗಳ ಕಂಬಿಗಳು ಕೂಡಿದುವು.

1873ರ ತರುವಾಯ ವ್ಯಾಪಾರದ ಮುಗ್ಗಟ್ಟು ಬಂದಿತು. ಕೆಲಸ ಕಳೆದುಕೊಂಡ ಬಿಳಿಯರ ಕೋಪವು ಕೂಲಿಯನ್ನು ಇಳಿಸಿದ ಧಣಿಗಳ ಮೇಲಲ್ಲ, ಆ ಕೂಲಿಗೆ ದುಡಿದ ಚೀನೀಯರ ಮೇಲೆ ತಿರುಗಿತು. 1882ರಲ್ಲಿ ಬಹಿಷ್ಕಾರದ ಕಾಯಿದೆಯಾಯಿತು. ವರ್ತಕರು, ಉಪಾಧ್ಯಾಯರು, ವಿದ್ಯಾರ್ಥಿಗಳು ಬರಬಹುದು. ಕೂಲಿಕಾರರು ಹತ್ತು ವರ್ಷ ಬರಕೂಡದು. ಚೀನಾದಿಂದ ಬಂದ ಯಾರಿಗೂ ಅಲ್ಲಿನ ಪೌರತ್ವವಿಲ್ಲ. 1892ರಲ್ಲಿ ಇದನ್ನು ಮುಂದುವರಿಸಿದಾಗ, ಅಲ್ಲಿದ್ದ ಚೀನೀ ಕೂಲಿಕಾರರು ವಾಸದ ರಹದಾರಿಯನ್ನು ಪಡೆದಿರಬೇಕೆಂದೂ, ಇಲ್ಲದವರನ್ನು ಗಡೀಪಾರು ಮಾಡಬಹುದೆಂದೂ ವಿಧಿಸಲಾಯಿತು.

ಅಲ್ಲಿಯೇ ಹುಟ್ಟಿದ ಮಕ್ಕಳ ಗತಿಯೇನು? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ವಾಂಗ್ ಕಿಮ್ ಆರ್ಕ್ ಎಂಬ ಅಡಿಗೆಯವನು ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಅಧಿಕಾರಿಗಳು ಅವನನ್ನು ಹಡಗಿನಿಂದ ಇಳಿಯಗೊಡಲಿಲ್ಲ. ಅವನು ನ್ಯಾಯಾಲಯಕ್ಕೆ ಹೋದನು. ಅಮೆರಿಕದ ನೆಲದಲ್ಲಿ ಹುಟ್ಟಿದ ಅವನು ಅಮೆರಿಕದ ಪ್ರಜೆಯೇ ಎಂದು ಶ್ರೇಷ್ಠ ನ್ಯಾಯಾಲಯವು 1898ರಲ್ಲಿ ತೀರ್ಪಿತ್ತಿತು.

1906ರ ಭೂಕಂಪದಲ್ಲಿಯೂ ಬೆಂಕಿಯಲ್ಲಿಯೂ ಆ ಊರಿನ ಜನನದಾಖಲೆಗಳು ನಾಶವಾದುವು. ಆಮೇಲೆ ಹಲವರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡರು. ಅನ್ಯರ ಮಕ್ಕಳನ್ನು ಕಾಗದದಲ್ಲಿ ತಮ್ಮ ಮಕ್ಕಳೆಂದು ತೋರಿಸಿ ಕರೆತಂದರು. ಇದನ್ನು ಹಿಡಿಯಲು 1910ರಿಂದ 1940ರ ವರೆಗೆ ಏಂಜೆಲ್ ದ್ವೀಪದಲ್ಲಿ ಕಠಿನವಾದ ವಿಚಾರಣೆ ನಡೆಯಿತು. ನಿಮ್ಮ ಮನೆಗೆ ಮೆಟ್ಟಿಲುಗಳೆಷ್ಟು? ಊರಿನ ಬಾವಿ ಎಲ್ಲಿದೆ? ತಂದೆಯ ಉತ್ತರಕ್ಕೂ ಮಗನ ಉತ್ತರಕ್ಕೂ ಹೊಂದಿಕೆ ತಪ್ಪಿದರೆ, ನಿಜವಾದ ಮಗನಾದರೂ ಹಿಂದಿರುಗಬೇಕಾಗಬಹುದಿತ್ತು. ವಾರಗಟ್ಟಲೆ, ತಿಂಗಳುಗಟ್ಟಲೆ ಕಾದಿದ್ದವರು ಮರದ ಗೋಡೆಗಳಲ್ಲಿ ಪದ್ಯಗಳನ್ನು ಕೆತ್ತಿದರು. ಅವು ಇಂದಿಗೂ ಉಳಿದಿವೆ.

1943ರಲ್ಲಿ ಚೀನಾ ಯುದ್ಧದಲ್ಲಿ ಮಿತ್ರರಾಷ್ಟ್ರವಾಗಿದ್ದುದರಿಂದ ಕಾಯಿದೆ ರದ್ದಾಯಿತು. ಆದರೂ ವರ್ಷಕ್ಕೆ 105 ಮಂದಿಗೆ ಮಾತ್ರ ಪ್ರವೇಶ! 1917ರಿಂದ ಅದೇ ಬಾಗಿಲ ಹೊರಗಿದ್ದ ಭಾರತೀಯರಿಗೆ 1946ರಲ್ಲಿ ದೊರೆತುದು ವರ್ಷಕ್ಕೆ 100 ಸ್ಥಾನ. ಜನಾಂಗವನ್ನು ನೋಡಿ ಅಳೆಯುವ ಈ ಕ್ರಮವು 1965ರ ಕಾಯಿದೆಯಿಂದ ನಿಂತಿತು.

ಕಂಬಿ ಹಾಸುವಾಗ ಈ ಜನರ ಕುಲವನ್ನು ಯಾರೂ ಕೇಳಲಿಲ್ಲ; ಕೇಳಿದ್ದು ಕೆಲಸ ಮುಗಿದ ಮೇಲೆ. ದುಡಿಮೆಯನ್ನು ಬರಮಾಡಿಕೊಂಡು ದುಡಿದವನನ್ನು ಹೊರಗಿಡುವ ನೀತಿ ಯಾವ ದೇಶದಲ್ಲಿ ತಲೆಯೆತ್ತಿದರೂ ಈ ಚರಿತ್ರೆಯನ್ನು ನೆನೆಯುವುದು ಒಳ್ಳೆಯದು.