ಹಸೆಗೋಡೆಯ ಮುಂದೆ ವಧೂವರರು

ಪಾಶ್ಚಾತ್ಯ ಮದುವೆಗಳಲ್ಲಿ ನವದಂಪತಿಗಳು ಮೊದಲ ನೃತ್ಯಕ್ಕೆ ಹಾಡು ಆರಿಸಿ ಹೆಜ್ಜೆ ಕಲಿತರೆ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ದೀವರು ಸಮುದಾಯದ ಮನೆಗಳಲ್ಲಿ ಪೂರ್ವಸಿದ್ಧತೆ ನಡೆಯುವುದು ವಧೂವರರು ಜೊತೆಯಾಗಿ ಕೂರುವ ಹಸೆಗೆ, ಅಂದರೆ ಚಿತ್ತಾರದ ಗೋಡೆಯೆದುರಿನ ಮಂಗಳಾಸನಕ್ಕೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹೆಂಗಸರು, ನೆನೆಸಿ ಅರೆದ ಅಕ್ಕಿಯ ಬಿಳುಪು, ಕಪ್ಪಾಗುವಂತೆ ಹುರಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿಗಳಲ್ಲಿ ಪುಂಡಿನಾರಿನ ಕುಂಚವನ್ನದ್ದಿ ಎಳೆಗಳನ್ನು ಬರೆಯುತ್ತಾರೆ. ಕೈ ತುಸು ಅಲುಗಿದರೂ ಎಳೆ ಕೆಡುವುದರಿಂದ ಇದು ಅವಸರಕ್ಕೆ ಒಗ್ಗುವ ಕೆಲಸವಲ್ಲ. ವಧೂವರರನ್ನು ಹಸೆಗೆ ಕರೆಯುವುದು ಸೋಬಾನೆ, ಎಂದರೆ ಶುಭಕಾರ್ಯಗಳಲ್ಲಿ ಹೆಂಗಸರು ಗುಂಪಾಗಿ ಹಾಡುವ ಪದ. ಬಲ್ಲವರು ಸಾಲನ್ನು ಎತ್ತಿಕೊಟ್ಟಂತೆ ಉಳಿದವರು ದನಿಗೂಡಿಸುತ್ತಾರೆ. ಆರತಕ್ಷತೆಯಲ್ಲಿ ಜೋಡಿ ನೃತ್ಯವನ್ನೂ ಬಯಸುವವರು ಧ್ವನಿವರ್ಧಕದ ಅಬ್ಬರವಿಲ್ಲದ ಒಂದಿಷ್ಟು ಹೊತ್ತನ್ನು ಈ ಹಾಡುಗಾರ್ತಿಯರಿಗೆ ಮೊದಲೇ ಗೊತ್ತುಮಾಡಿಡುವುದು ಲೇಸು.